ಅಜ್ಜ-ಅಜ್ಜಿಯರ ಪಾಲು ಸರಿಯಾಗಿ ಕಾಲು ಭಾಗವೇ? ಮಿಯಾಸಿಸ್ ಬಗ್ಗೆ ಒಂದು ಪ್ರಶ್ನೆ

ಮಿಂಚುಹುಳ

ಎಲ್ಲರಿಗೂ ನಮಸ್ಕಾರ. ಜೀವಶಾಸ್ತ್ರ ಓದ್ತಾ ಇದೀನಿ, ಒಂದು ಗೊಂದಲ ಬಿಡಿಸಿಕೊಡಿ. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಅಂತ ಪಾಠದಲ್ಲಿದೆ. ಹಾಗಿದ್ದರೆ ಇಬ್ಬರು ಅಜ್ಜಂದಿರು, ಇಬ್ಬರು ಅಜ್ಜಿಯರಿಂದ ತಲಾ ಶೇ. 25 ಬರಬೇಕಲ್ವಾ? ಆದರೆ ಒಂದು ಕುಟುಂಬದ ಡಿಎನ್‌ಎ ವರದಿ ನೋಡಿದೆ. ಮೊಮ್ಮಗನಿಗೆ ಅಪ್ಪನ ತಂದೆಯಿಂದ ಶೇ. 28, ಅಪ್ಪನ ತಾಯಿಯಿಂದ ಶೇ. 22 ಬಂದಿದೆ. ಅದೇ ಮನೆಯ ಅಕ್ಕ-ತಮ್ಮನ ನಡುವೆ ಹೊಂದಿಕೆ ಶೇ. 46. ಇದು ಪರೀಕ್ಷೆಯ ದೋಷವಾ? ಅಥವಾ ಅರ್ಧ, ಕಾಲು ಅನ್ನೋದೆಲ್ಲ ಬರೀ ಅಂದಾಜಾ? ವರ್ಣತಂತುಗಳನ್ನು (ಕ್ರೋಮೋಸೋಮ್) ಎಣಿಸಿ ಹಂಚುವಾಗ ಹೆಚ್ಚು-ಕಡಿಮೆ ಎಲ್ಲಿಂದ ಬರುತ್ತೆ ಅಂತ ಅರ್ಥ ಆಗ್ತಿಲ್ಲ.

ಹಳೇಮೇಷ್ಟ್ರು

ಮಿಂಚುಹುಳ ಅವರೇ, ಪರೀಕ್ಷೆಯಲ್ಲಿ ದೋಷವಿಲ್ಲ. ಅರ್ಧ ಎನ್ನುವುದು ಖಚಿತ ಲೆಕ್ಕ, ಕಾಲು ಎನ್ನುವುದು ಸರಾಸರಿ. ಎರಡರ ನಡುವೆ ಒಂದು ಮಿಯಾಸಿಸ್, ಅಂದರೆ ಅಂಡಾಣು-ವೀರ್ಯಾಣು ತಯಾರಾಗುವ ಕೋಶ ವಿಭಜನೆ, ಇದೆ. ಹೆಚ್ಚು-ಕಡಿಮೆ ಹುಟ್ಟುವುದು ಅಲ್ಲೇ.

ಮೊದಲಿಂದ ಬರೋಣ. ದೇಹದ ಜೀವಕೋಶದಲ್ಲಿ 46 ವರ್ಣತಂತು, ಅಂದರೆ 23 ಜೊತೆ. ಪ್ರತಿ ಜೊತೆಯಲ್ಲಿ ಒಂದು ಅಪ್ಪ ಕೊಟ್ಟದ್ದು, ಒಂದು ಅಮ್ಮ ಕೊಟ್ಟದ್ದು. ಅಂಡಾಣು ಅಥವಾ ವೀರ್ಯಾಣು ತಯಾರಾಗುವ ಮೊದಲು ಡಿಎನ್‌ಎ ಒಂದು ಸಲ ನಕಲಾಗುತ್ತದೆ, ಆಮೇಲೆ ಕೋಶ ಎರಡು ಸಲ ಒಡೆಯುತ್ತದೆ. ನಕಲು ಒಂದೇ, ವಿಭಜನೆ ಎರಡು. ಸಂಖ್ಯೆ ಅರ್ಧವಾಗುವುದು ಹೀಗೆ.

ಇಲ್ಲಿ ಬಹಳ ವಿದ್ಯಾರ್ಥಿಗಳು ಎಡವುತ್ತಾರೆ. ನಕಲಾದ ಮೇಲೆ ಪ್ರತಿ ವರ್ಣತಂತುವೂ ಸೆಂಟ್ರೋಮಿಯರ್ ಎಂಬ ಕಟ್ಟಿನ ಬಳಿ ಅಂಟಿಕೊಂಡ ಎರಡು ಪ್ರತಿಗಳಾಗಿ, ಅಂದರೆ ಕ್ರೊಮ್ಯಾಟಿಡ್‌ಗಳಾಗಿ, ಇರುತ್ತದೆ. ಮೊದಲ ವಿಭಜನೆಯಲ್ಲಿ ಈ ಎರಡು ಬೇರೆಯಾಗುವುದಿಲ್ಲ, ಜೊತೆಗಾರ ವರ್ಣತಂತುಗಳು ಬೇರೆಯಾಗುತ್ತವೆ: ಅಪ್ಪನದು ಒಂದು ತುದಿಗೆ, ಅಮ್ಮನದು ಇನ್ನೊಂದು ತುದಿಗೆ. ಆದ್ದರಿಂದ 46 ಇದ್ದದ್ದು 23 ಆಗುವುದು ಮೊದಲ ವಿಭಜನೆಯಲ್ಲೇ. ಕ್ರೊಮ್ಯಾಟಿಡ್‌ಗಳು ಬೇರೆಯಾಗುವುದು ಎರಡನೆಯದರಲ್ಲಿ.

ಈಗ ನಿಮ್ಮ ಪ್ರಶ್ನೆ. ಯಾವ ಜೊತೆಯಲ್ಲಿ ಅಪ್ಪನದು ಯಾವ ತುದಿಗೆ ಹೋಗಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ. 1ನೇ ಜೊತೆಯ ತೀರ್ಮಾನಕ್ಕೂ 2ನೇ ಜೊತೆಯ ತೀರ್ಮಾನಕ್ಕೂ ಸಂಬಂಧವಿಲ್ಲ. 23 ಜೊತೆಗಳಿಗೆ ಎರಡೆರಡು ದಾರಿ ಎಂದರೆ ಒಟ್ಟು 83,88,608 ಬಗೆ. ಇದು ಒಬ್ಬರ ಲೆಕ್ಕ. ಗಂಡ-ಹೆಂಡತಿ ಇಬ್ಬರದ್ದೂ ಗುಣಿಸಿದರೆ ಸುಮಾರು 70 ಲಕ್ಷ ಕೋಟಿ.

ವಾಲ್ಟರ್ ಸಟನ್ 1902–03ರಲ್ಲಿ ಮಿಡತೆಯ ವೃಷಣದ ಕೋಶಗಳನ್ನು ನೋಡಿ, ಮೆಂಡೆಲ್ ಹೇಳಿದ ಜೋಡಿ ಅಂಶಗಳು ಹೇಗೆ ನಡೆದುಕೊಳ್ಳುತ್ತವೋ ವರ್ಣತಂತುಗಳೂ ಹಾಗೇ ನಡೆದುಕೊಳ್ಳುತ್ತವೆ ಎಂದು ಬರೆದರು. ಆದರೆ ಯಾದೃಚ್ಛಿಕವಾಗಿ ಹಂಚುತ್ತವೆ ಎನ್ನುವುದನ್ನು ಕಣ್ಣಾರೆ ತೋರಿಸಿದ್ದು ಎಲೀನರ್ ಕರೋದರ್ಸ್, 1913ರಲ್ಲಿ. ಜೊತೆಗಾರರಿಬ್ಬರೂ ನೋಡಲು ಒಂದೇ ಥರ ಇದ್ದರೆ ಯಾರು ಎತ್ತ ಹೋದರೆಂದು ಗೊತ್ತಾಗುವುದಿಲ್ಲವಲ್ಲ? ಆಕೆಗೆ ಒಂದು ಬಗೆಯ ಮಿಡತೆಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಇರುವ ಜೊತೆ ಸಿಕ್ಕಿತು. ಅದರ ಪಕ್ಕದಲ್ಲೇ ಜೊತೆಯಿಲ್ಲದ ಎಕ್ಸ್ ವರ್ಣತಂತು. ದೊಡ್ಡದು ಎಕ್ಸ್ ಜೊತೆ ಹೋಗುತ್ತದೋ ಎದುರು ತುದಿಗೆ ಹೋಗುತ್ತದೋ ಎಂದು ಕೋಶ ಕೋಶ ಎಣಿಸಿದರು. ಸರಿಸುಮಾರು ಅರ್ಧರ್ಧ ಬಂತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಸುಂದರವಾದ ಪ್ರಯೋಗ ಇದು. ಪಠ್ಯಗಳಲ್ಲಿ ಆಕೆಯ ಹೆಸರು ಕಾಣುವುದೇ ಅಪರೂಪ.

ಲೆಕ್ಕಿಗ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಯಾಕೆಂದರೆ 83 ಲಕ್ಷದ ಲೆಕ್ಕವನ್ನೇ ಹಿಡಿದುಕೊಂಡರೆ ಶೇ. 28 ಬಂದ ಬಗೆ ಪೂರ್ತಿ ತಿಳಿಯುವುದಿಲ್ಲ. ಆ ಲೆಕ್ಕದಲ್ಲಿ ವರ್ಣತಂತುಗಳು ಇಡಿಯಾಗಿ ಕೈ ಬದಲಾಗುತ್ತವೆ. ನಿಜದಲ್ಲಿ ಅವು ತುಂಡಾಗಿ ಬೆರೆಯುತ್ತವೆ, ಅದೇ ಕ್ರಾಸಿಂಗ್ ಓವರ್. ಒಂದು ವೀರ್ಯಾಣುವಿನಲ್ಲಿ ಸರಾಸರಿ 26 ಕಡೆ, ಒಂದು ಅಂಡಾಣುವಿನಲ್ಲಿ ಸರಾಸರಿ 42 ಕಡೆ ಅಜ್ಜನ ತುಂಡು ಮುಗಿದು ಅಜ್ಜಿಯ ತುಂಡು ಶುರುವಾಗಿರುತ್ತದೆ, ಅಥವಾ ಅಜ್ಜಿಯದು ಮುಗಿದು ಅಜ್ಜನದು.

ಕತ್ತರಿಸಿದ ಕಡೆಗಳು ಹೆಚ್ಚಿದಷ್ಟೂ ಪಾಲು ಕಾಲು ಭಾಗದ ಹತ್ತಿರಕ್ಕೆ ಸರಿಯುತ್ತದೆ. ಹಾಗಾಗಿ ಅಪ್ಪನ ಕಡೆಯ ಅಜ್ಜ-ಅಜ್ಜಿಯರ ಪಾಲಿನಲ್ಲಿ ಏರಿಳಿತ ಜಾಸ್ತಿ, ಅಮ್ಮನ ಕಡೆಯವರದ್ದರಲ್ಲಿ ಕಡಿಮೆ. ನೀವು ಕೊಟ್ಟ ಅಂಕಿಯನ್ನೇ ನೋಡಿ: 28 ಮತ್ತು 22 ಕೂಡಿದರೆ 50. ಅಪ್ಪನಿಂದ ಬಂದ ಅರ್ಧ ಅಲುಗಿಲ್ಲ, ಅದರೊಳಗೆ ಅವನ ಅಪ್ಪ-ಅಮ್ಮನ ಪಾಲು ಮಾತ್ರ ಆಚೀಚೆಯಾಗಿದೆ. ಅಜ್ಜನಿಂದ ಹೆಚ್ಚು ಬಂದಷ್ಟೂ ಆ ಅಜ್ಜಿಯಿಂದ ಕಡಿಮೆಯಾಗಲೇಬೇಕು. ಅಮ್ಮನ ಕಡೆಯ ಅಜ್ಜ-ಅಜ್ಜಿಯರ ಲೆಕ್ಕಕ್ಕೆ ಇದರಿಂದ ಏನೂ ಆಗುವುದಿಲ್ಲ.

ಒಡಹುಟ್ಟಿದವರದ್ದೂ ಹೀಗೆಯೇ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 4,401 ಜೋಡಿ ಸೋದರ-ಸೋದರಿಯರನ್ನು ಅಳೆದಿದ್ದರು. ಸರಾಸರಿ ಶೇ. 50ರ ಹತ್ತಿರವೇ ಇತ್ತು, ಆದರೆ ಅತಿ ಕಡಿಮೆ ಸುಮಾರು 37, ಅತಿ ಹೆಚ್ಚು ಸುಮಾರು 62. ನಿಮ್ಮ 46 ತೀರಾ ಸಾಮಾನ್ಯ ಸಂಖ್ಯೆ.

ನನ್ನನ್ನು ಬಹಳ ಕಾಡಿದ ಲೆಕ್ಕ ಬೇರೆ. ಹಿಂದೆ ಹೋದಂತೆ ಪೂರ್ವಜರ ಸಂಖ್ಯೆ ಪ್ರತಿ ತಲೆಮಾರಿಗೆ ಇಮ್ಮಡಿಯಾಗುತ್ತದೆ. ಆದರೆ ಡಿಎನ್‌ಎ ತುಂಡುಗಳು ಇಮ್ಮಡಿಯಾಗುವುದಿಲ್ಲ, ಪ್ರತಿ ತಲೆಮಾರಿಗೆ ಎರಡೂ ಕಡೆ ಸೇರಿ ಸುಮಾರು 65–70 ಹೊಸ ತುಂಡರಿಕೆಗಳು ಸೇರುತ್ತವೆ, ಅಷ್ಟೇ. 10 ತಲೆಮಾರು ಹಿಂದಕ್ಕೆ ವಂಶವೃಕ್ಷದಲ್ಲಿ 1,024 ಸ್ಥಾನಗಳಿವೆ. ನಮ್ಮಲ್ಲಿರುವ ತುಂಡುಗಳು ಸರಿಸುಮಾರು 640. ಅಂದರೆ ಆ ಸಾಲಿನ ಅರ್ಧದಷ್ಟು ಪೂರ್ವಜರಿಂದ (ಲಿಂಗ ನಿರ್ಧರಿಸುವ ಎಕ್ಸ್-ವೈ ಜೊತೆ ಬಿಟ್ಟು) ಉಳಿದ 22 ಜೊತೆ ವರ್ಣತಂತುಗಳಲ್ಲಿ ಒಂದು ತುಣುಕೂ ನಮಗೆ ಬಂದಿಲ್ಲ. ವಂಶವೃಕ್ಷದಲ್ಲಿ ಅವರು ನಮ್ಮವರೇ, ರಕ್ತದಲ್ಲಿ ಅವರ ಗುರುತಿಲ್ಲ.

ಮಿಂಚುಹುಳ

ಧನ್ಯವಾದ ಸರ್. ಅಂದರೆ ಕ್ರಾಸಿಂಗ್ ಓವರ್ ಇರೋದು ವೈವಿಧ್ಯಕ್ಕಾಗಿ, ಅಲ್ವಾ? ಪರೀಕ್ಷೆಯಲ್ಲಿ ಮಿಯಾಸಿಸ್‌ನ ಮಹತ್ವ ಕೇಳಿದರೆ ಅದನ್ನೇ ಬರೀತೀವಿ.

ಸೂಕ್ಷ್ಮದರ್ಶಕ

ನಾನು ವರ್ಣತಂತು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಪರೀಕ್ಷೆಯಲ್ಲಿ ಹಾಗೇ ಬರೆಯಿರಿ, ಉತ್ತರ ತಪ್ಪಲ್ಲ. ಆದರೆ ಆ ಒಂದು ಸಾಲಿನಲ್ಲಿ ವಿಷಯ ಮುಗಿಯಿತು ಅಂದುಕೊಂಡರೆ ಮಿಯಾಸಿಸ್‌ನ ಜೀವಾಳವೇ ಕೈತಪ್ಪುತ್ತದೆ. ವೈವಿಧ್ಯ ಅನ್ನುವುದು ತಲೆಮಾರುಗಳ ಮೇಲೆ ಸಿಗುವ ಫಲ. ಆ ಗಳಿಗೆಯಲ್ಲಿ ಆ ಕೋಶಕ್ಕೆ ಕ್ರಾಸಿಂಗ್ ಓವರ್ ಬೇಕಾಗಿರುವುದು ಬೇರೊಂದು ಕಾರಣಕ್ಕೆ: ಅದಿಲ್ಲದೆ ಜೊತೆಗಾರರನ್ನು ಸರಿಯಾಗಿ ಬೇರ್ಪಡಿಸಲು ಆಗುವುದಿಲ್ಲ.

ಯೋಚನೆ ಮಾಡಿ. ಅಪ್ಪ ಕೊಟ್ಟ 7ನೇ ವರ್ಣತಂತು, ಅಮ್ಮ ಕೊಟ್ಟ 7ನೇ ವರ್ಣತಂತು ಜೀವಮಾನವಿಡೀ ಒಂದೇ ಕೋಶಕೇಂದ್ರದಲ್ಲಿ ಇದ್ದರೂ ಅವುಗಳ ನಡುವೆ ಯಾವ ಅಂಟೂ ಇಲ್ಲ. ಮಿಯಾಸಿಸ್ ಬಂದಾಗ ಒಂದನ್ನೊಂದು ಹುಡುಕಿಕೊಂಡು, ಉದ್ದಕ್ಕೂ ಸಾಲಾಗಿ ಹೊಂದಿಕೊಂಡು, ಆಮೇಲೆ ಎದುರು ತುದಿಗಳಿಗೆ ಹೋಗಬೇಕು. ಇಬ್ಬರೂ ಎದುರುಬದುರಾಗಿ ಸಿಕ್ಕಿಕೊಂಡಿದ್ದಾರೆ ಎಂದು ಕೋಶಕ್ಕೆ ತಿಳಿಯುವುದು ಹೇಗೆ? ಹಗ್ಗ ಜಗ್ಗಾಟದಲ್ಲಿ ಹಗ್ಗ ಬಿಗಿಯಾಗಬೇಕಾದರೆ ಎರಡೂ ಕಡೆ ಜನ ಹಿಡಿದಿರಬೇಕು, ಹಗ್ಗವೂ ನಡುವೆ ತುಂಡಾಗಿರಬಾರದು. ಇಲ್ಲೂ ಸ್ಪಿಂಡಲ್ ಎಳೆಗಳು ಎರಡು ತುದಿಯಿಂದ ಎಳೆದಾಗ ಬಿಗಿ ಹುಟ್ಟಿದರೆ ಮಾತ್ರ ಆ ಹಿಡಿತ ಗಟ್ಟಿಯಾಗುತ್ತದೆ. ಬಿಗಿಯಿಲ್ಲದ ಹಿಡಿತ ಬಿಟ್ಟುಹೋಗುತ್ತದೆ, ಕೋಶ ಮತ್ತೆ ಪ್ರಯತ್ನಿಸುತ್ತದೆ. ಜೊತೆಗಾರರನ್ನು ಕಟ್ಟಿಹಾಕಿ ಈ ಬಿಗಿಯನ್ನು ಸಾಧ್ಯ ಮಾಡುವುದೇ ಕ್ರಾಸಿಂಗ್ ಓವರ್ ಆದ ಜಾಗ, ಸೂಕ್ಷ್ಮದರ್ಶಕದಲ್ಲಿ ಅಡ್ಡಗುರುತಿನಂತೆ ಕಾಣುವ ಕಯಾಸ್ಮಾ.

ಇದು ಊಹೆಯಲ್ಲ. ಬ್ರೂಸ್ ನಿಕ್ಲಾಸ್ 1960ರ ದಶಕದ ಕೊನೆಗೆ ಮಿಡತೆಯ ಜೀವಂತ ಕೋಶದೊಳಕ್ಕೆ ಅತಿ ಸಪೂರ ಗಾಜಿನ ಸೂಜಿ ಇಳಿಸಿ, ತಪ್ಪಾಗಿ ಒಂದೇ ತುದಿಗೆ ಸಿಕ್ಕಿಕೊಂಡಿದ್ದ ಜೊತೆಯನ್ನು ಎದುರು ದಿಕ್ಕಿಗೆ ಎಳೆದು ಹಿಡಿದರು. ಎಳೆದಿಟ್ಟಷ್ಟು ಹೊತ್ತೂ ಆ ತಪ್ಪು ಹಿಡಿತವೇ ಗಟ್ಟಿಯಾಗಿ ನಿಂತಿತು. ಸೂಜಿಯ ಎಳೆತವನ್ನು ಕೋಶ ಸರಿಯಾದ ಬಿಗಿ ಎಂದೇ ಎಣಿಸಿತು!

ಕತ್ತರಿಸುವ ಕೆಲಸ ಆಕಸ್ಮಿಕವೂ ಅಲ್ಲ. ಸ್ಪೋ11 ಎಂಬ ಪ್ರೋಟೀನ್ ಬೇಕೆಂದೇ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ, ಮನುಷ್ಯರ ಒಂದೊಂದು ಕೋಶದಲ್ಲಿ ನೂರಾರು ಕಡೆ. ಬೇರೆ ಯಾವುದೇ ಕೋಶಕ್ಕೆ ಇಂಥ ಒಂದು ಕಡಿತವೂ ಅಪಾಯ. ಇಲ್ಲಿ ಕೋಶ ತಾನೇ ಕಡಿದುಕೊಂಡು, ಜೊತೆಗಾರನನ್ನು ಮಾದರಿಯಾಗಿ ಇಟ್ಟುಕೊಂಡು ರಿಪೇರಿ ಮಾಡಿಕೊಳ್ಳುತ್ತದೆ. ಆ ಹುಡುಕಾಟದಲ್ಲೇ ಜೊತೆಗಾರನ ಪತ್ತೆಯಾಗುತ್ತದೆ. ಬಹುಪಾಲು ಕಡಿತಗಳು ಸದ್ದಿಲ್ಲದೆ ಕೂಡಿಕೊಳ್ಳುತ್ತವೆ. ವೀರ್ಯಾಣು ತಯಾರಿಸುವ ಕೋಶದಲ್ಲಿ 50ರ ಆಸುಪಾಸು ಮಾತ್ರ ನಿಜವಾದ ಅದಲು-ಬದಲಾಗುತ್ತವೆ. ಅವೂ ಮನಸ್ಸಿಗೆ ಬಂದಲ್ಲಿ ಆಗುವುದಿಲ್ಲ: ಒಂದು ಕಡೆ ಆದರೆ ಅದರ ಹತ್ತಿರ ಇನ್ನೊಂದು ಆಗದಂತೆ ತಡೆ ಇದೆ, ಪ್ರತಿ ಜೊತೆಗೂ ಕನಿಷ್ಠ ಒಂದು ದಕ್ಕುವಂಥ ಏರ್ಪಾಡೂ ಇದೆ.

ಮಿಂಚುಹುಳ

ಮೇಡಂ, ಲೆಕ್ಕಿಗ ಅವರು ವೀರ್ಯಾಣುವಿನಲ್ಲಿ 26 ಅಂದ್ರು, ನೀವು 50 ಅಂತೀರಿ?

ಲೆಕ್ಕಿಗ

ಎರಡೂ ಸರಿ. ಅವರು ಹೇಳಿದ್ದು ಮಿಯಾಸಿಸ್ ನಡೆಯುತ್ತಿರುವ ಕೋಶದ ಲೆಕ್ಕ, ನಾನು ಹೇಳಿದ್ದು ಅದರಿಂದ ಹೊರಬಂದ ಒಂದು ವೀರ್ಯಾಣುವಿನ ಲೆಕ್ಕ. ಒಂದು ಜೊತೆಯಲ್ಲಿ ನಾಲ್ಕು ಕ್ರೊಮ್ಯಾಟಿಡ್ ಇರುತ್ತವೆ, ಒಂದು ಕ್ರಾಸಿಂಗ್ ಓವರ್‌ನಲ್ಲಿ ಭಾಗವಹಿಸುವುದು ಎರಡೇ. ಹಾಗಾಗಿ ಪ್ರತಿ ವೀರ್ಯಾಣುವಿನ ಪಾಲಿಗೆ ಅರ್ಧ ಬರುತ್ತದೆ. ಇದರಿಂದ ಇನ್ನೊಂದು ವಿಷಯ ಹೊರಡುತ್ತದೆ: ಒಂದೇ ಕ್ರಾಸಿಂಗ್ ಓವರ್ ಆದ ಚಿಕ್ಕ ವರ್ಣತಂತು, ಉದಾಹರಣೆಗೆ 21 ಅಥವಾ 22, ಅರ್ಧದಷ್ಟು ವೀರ್ಯಾಣುಗಳಿಗೆ ತುಂಡಾಗದೆ ಇಡಿಯಾಗಿ ಹೋಗುತ್ತದೆ. ಪೂರ್ತಿ ಅಜ್ಜನದು, ಇಲ್ಲವೇ ಪೂರ್ತಿ ಅಜ್ಜಿಯದು.

ಬಿತ್ತನೆಬೀಜ

ಸೂಕ್ಷ್ಮದರ್ಶಕ ಅವರೇ, ಒಂದು ತಕರಾರು. ಹಣ್ಣುನೊಣದ ಗಂಡಿನಲ್ಲಿ ಕ್ರಾಸಿಂಗ್ ಓವರ್ ನಡೆಯುವುದೇ ಇಲ್ಲ. ಆದರೂ ಅದರ ವೀರ್ಯಾಣುಗಳು ಚೆನ್ನಾಗೇ ಇರುತ್ತವೆ, ಸಂತಾನವೂ ಆಗುತ್ತದೆ. ಹಾಗಿರುವಾಗ ಅದಿಲ್ಲದೆ ಬೇರ್ಪಡಿಸಲು ಆಗುವುದಿಲ್ಲ ಎನ್ನುವುದು ಎಲ್ಲ ಜೀವಿಗಳಿಗೂ ಅನ್ವಯಿಸುವುದಿಲ್ಲ.

ಸೂಕ್ಷ್ಮದರ್ಶಕ

ಒಪ್ಪಿದೆ, ನನ್ನ ಮಾತು ಮನುಷ್ಯರಂಥ ಜೀವಿಗಳಿಗೆ. ಗಂಡು ಹಣ್ಣುನೊಣದಲ್ಲಿ ಜೊತೆಗಾರರನ್ನು ಹಿಡಿದಿಡಲು ಬೇರೆ ಪ್ರೋಟೀನ್‌ಗಳಿವೆ. ಅಂದರೆ ಅಲ್ಲೂ ಕಟ್ಟು ಬೇಕೇ ಬೇಕು, ಕಟ್ಟುವ ಬಗೆ ಬೇರೆ. ನಮ್ಮಲ್ಲಿ ಆ ಪರ್ಯಾಯ ಇಲ್ಲ. ಕ್ರಾಸಿಂಗ್ ಓವರ್ ಆಗದೆ ಉಳಿದ ಜೊತೆ ಎತ್ತ ಬೇಕಾದರೂ ಹೋಗಬಹುದು, ಎರಡೂ ಒಂದೇ ಕಡೆಗೂ ಹೋಗಬಹುದು. ಡೌನ್ ಸಿಂಡ್ರೋಮ್‌ಗೆ ಕಾರಣವಾಗುವ ಹೆಚ್ಚುವರಿ 21ನೇ ವರ್ಣತಂತು ಬಂದ ಸಂದರ್ಭಗಳನ್ನು ಹಿಂದಕ್ಕೆ ಹುಡುಕಿದಾಗ, ಕ್ರಾಸಿಂಗ್ ಓವರ್ ಆಗಿರದ ಅಥವಾ ವರ್ಣತಂತುವಿನ ತೀರಾ ತುದಿಯಲ್ಲಿ ಆಗಿದ್ದ ಅಂಡಾಣುಗಳು ಬಹಳ ಸಿಕ್ಕಿವೆ.

ಕಾಡುಮಲ್ಲಿಗೆ

ಮಧ್ಯೆ ಬರ್ತಿದೀನಿ, ಕ್ಷಮಿಸಿ. ಪ್ರತಿ ಜೊತೆಗೂ ಒಂದು ಕ್ರಾಸಿಂಗ್ ಓವರ್ ಬೇಕು ಅಂದರೆ ಗಂಡಸರ ಎಕ್ಸ್ ಮತ್ತು ವೈ ಏನು ಮಾಡ್ತವೆ? ಅವೆರಡು ಹೊಂದೋದೇ ಇಲ್ವಲ್ಲ.

ಹಳೇಮೇಷ್ಟ್ರು

ಒಳ್ಳೆಯ ಪ್ರಶ್ನೆ. ಅವೆರಡರ ತುದಿಯಲ್ಲಿ ಸುಮಾರು 27 ಲಕ್ಷ ಡಿಎನ್‌ಎ ಅಕ್ಷರಗಳಷ್ಟು ಉದ್ದದ ಒಂದು ಭಾಗ ಒಂದೇ ಥರ ಇದೆ. ಎಕ್ಸ್‌ನ ಒಟ್ಟು ಉದ್ದ 15 ಕೋಟಿಗೂ ಮೇಲೆ, ಅದರಲ್ಲಿ ಇದು ಚೂರು. ಕಡ್ಡಾಯದ ಆ ಒಂದು ಕ್ರಾಸಿಂಗ್ ಓವರ್ ಆಗುವುದು ಇಷ್ಟೇ ಜಾಗದಲ್ಲಿ. ಗಂಡಾಗುವಿಕೆಗೆ ಚಾಲನೆ ಕೊಡುವ ಎಸ್‌ಆರ್‌ವೈ ವಂಶವಾಹಿ ಈ ಭಾಗದ ಗಡಿಗೆ ತೀರಾ ಹತ್ತಿರ ಕುಳಿತಿದೆ. ಎಂದೋ ಒಮ್ಮೆ ಅದಲು-ಬದಲು ಗಡಿ ದಾಟಿದರೆ ಎಸ್‌ಆರ್‌ವೈ ಎಕ್ಸ್ ಮೇಲೆ ಹೋಗಿ ಕೂರುತ್ತದೆ. ಆಗ ಎರಡು ಎಕ್ಸ್ ಇದ್ದೂ ಮಗು ಗಂಡಾಗಿ ಬೆಳೆಯುತ್ತದೆ. 1990ರಲ್ಲಿ ಈ ವಂಶವಾಹಿಯನ್ನು ಪತ್ತೆ ಹಚ್ಚಿದ್ದೂ ಇಂಥ ಗಂಡಸರ ಡಿಎನ್‌ಎ ತುಣುಕುಗಳ ಜಾಡು ಹಿಡಿದೇ.

ಆ ತುದಿಗಳನ್ನು ಬಿಟ್ಟರೆ ಅಪ್ಪನ ಎಕ್ಸ್ ಮಗಳಿಗೆ ಇಡಿಯಾಗಿ ಹೋಗುತ್ತದೆ. ಆ ಎಕ್ಸ್ ಅಪ್ಪನಿಗೆ ಬಂದದ್ದು ಅವನ ತಾಯಿಯಿಂದ. ಆದ್ದರಿಂದ ಹೆಣ್ಣುಮಗಳಿಗೆ ಅಪ್ಪನ ತಾಯಿಯಿಂದ ಒಂದು ಇಡೀ ಎಕ್ಸ್ ಬರುತ್ತದೆ, ಅಪ್ಪನ ತಂದೆಯಿಂದ ಎಕ್ಸ್ ಬರುವುದೇ ಇಲ್ಲ.

ತಾಯಿಬೇರು

ಇಷ್ಟು ದಿನ ಓದುತ್ತಾ ಸುಮ್ಮನಿದ್ದೆ. ಇವತ್ತು ಕೇಳಬೇಕು ಅನಿಸಿತು. ನನ್ನ ಮಗಳಿಗೆ ಡೌನ್ ಸಿಂಡ್ರೋಮ್ ಇದೆ. ಅವಳು ಹುಟ್ಟಿದಾಗ ನನಗೆ 26 ವರ್ಷ. ವಯಸ್ಸಾದ ಮೇಲೆ ಹೆತ್ತರೆ ಹೀಗಾಗುತ್ತೆ ಅಂತ ಎಲ್ಲರೂ ಹೇಳುತ್ತಿದ್ದರು, ನನಗೆ ಅಷ್ಟು ವಯಸ್ಸಾಗಿರಲಿಲ್ಲ. ಅವಳ ಕ್ಯಾರಿಯೋಟೈಪ್ (ವರ್ಣತಂತು ಪರೀಕ್ಷೆ) ವರದಿಯಲ್ಲಿ 46 ವರ್ಣತಂತು ಅಂತ ಬರೆದಿದ್ದಾರೆ. ಡೌನ್ ಸಿಂಡ್ರೋಮ್ ಅಂದರೆ 47 ಇರಬೇಕಲ್ಲವೇ? ಈಗ ನಮ್ಮಿಬ್ಬರದ್ದೂ ಪರೀಕ್ಷೆ ಮಾಡಿಸಿ ಅಂದಿದ್ದಾರೆ. ಯಾಕೆ ಅಂತ ಸರಿಯಾಗಿ ಬಿಡಿಸಿ ಹೇಳಲಿಲ್ಲ.

ಸೂಕ್ಷ್ಮದರ್ಶಕ

ತಾಯಿಬೇರು ಅವರೇ, ಕೇಳಿದ್ದು ಒಳ್ಳೆಯದಾಯಿತು. ಎರಡೂ ವಿಷಯ ಬಿಡಿಸಿ ಹೇಳುತ್ತೇನೆ, ಎರಡಕ್ಕೂ ಕಾರಣ ಬೇರೆ ಬೇರೆ.

ಮೊದಲು ವಯಸ್ಸಿನ ಮಾತು. ಹೆಣ್ಣುಮಗು ಇನ್ನೂ ತಾಯಿಯ ಗರ್ಭದಲ್ಲಿರುವಾಗಲೇ ಅವಳ ಅಂಡಾಶಯದ ಕೋಶಗಳು ಮಿಯಾಸಿಸ್ ಶುರು ಮಾಡಿ, ಕ್ರಾಸಿಂಗ್ ಓವರ್ ಮುಗಿಸಿ, ಅಲ್ಲೇ ನಿಂತುಬಿಡುತ್ತವೆ. ಅವು ಮತ್ತೆ ಮುಂದುವರಿಯುವುದು ಅವಳು ದೊಡ್ಡವಳಾದ ಮೇಲೆ, ಆಯಾ ತಿಂಗಳು ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ. ಎರಡನೆಯ ವಿಭಜನೆಯಂತೂ ವೀರ್ಯಾಣು ಒಳಹೊಕ್ಕ ಮೇಲಷ್ಟೇ ಪೂರ್ಣವಾಗುತ್ತದೆ. ಅಂದರೆ 40 ವರ್ಷದ ಮಹಿಳೆಯ ಅಂಡಾಣುವಿನಲ್ಲಿ ವರ್ಣತಂತುಗಳು 40 ವರ್ಷಕ್ಕೂ ಹೆಚ್ಚು ಕಾಲ ಕಟ್ಟಿಹಾಕಿದ ಸ್ಥಿತಿಯಲ್ಲೇ ಕಾದಿರುತ್ತವೆ. ಆ ಕಟ್ಟನ್ನು ಹಿಡಿದಿರುವುದು ಕೊಹೆಸಿನ್ ಎಂಬ ಉಂಗುರದಂಥ ಪ್ರೋಟೀನ್. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ತಿಳಿದಿರುವಂತೆ, ಹುಟ್ಟುವ ಮೊದಲು ಹಾಕಿದ ಈ ಉಂಗುರಗಳು ಆಮೇಲೆ ಹೊಸದಾಗುವುದಿಲ್ಲ. ವರ್ಷ ಕಳೆದಂತೆ ಕಳಚುತ್ತವೆ, ಹಿಡಿತ ಸಡಿಲವಾಗುತ್ತದೆ. ಹಾಗಾಗಿ ಹೆಚ್ಚುವರಿ 21 ಇರುವ ಮಗು ಹುಟ್ಟುವ ಸಂಭವ 20ರ ವಯಸ್ಸಿನಲ್ಲಿ ಸುಮಾರು 1,500ಕ್ಕೆ ಒಂದು ಇದ್ದದ್ದು 35ಕ್ಕೆ ಸುಮಾರು 350ಕ್ಕೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು ಆಗುತ್ತದೆ. ತಾಯಿ ಏನೋ ಮಾಡಿದ್ದರಿಂದ, ತಿಂದದ್ದರಿಂದ ಇದು ಆಗುವುದಿಲ್ಲ. ಕಿರಿಯ ವಯಸ್ಸಿನ ತಾಯಂದಿರಲ್ಲೂ ಆಗುತ್ತದೆ.

ಆದರೆ ನಿಮ್ಮ ಮಗಳ ವರದಿಯಲ್ಲಿ 46 ಎಂದು ಇರುವುದರಿಂದ ಇದು ಬೇರೆ ದಾರಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಶೇ. 95ರಷ್ಟು ಮಂದಿಗೆ ಬಿಡಿಯಾಗಿ ಮೂರನೆಯ 21 ಇರುತ್ತದೆ, ಒಟ್ಟು 47. ಸುಮಾರು ಶೇ. 3–4 ಮಂದಿಗೆ ಆ ಮೂರನೆಯ 21 ಇನ್ನೊಂದು ವರ್ಣತಂತುವಿಗೆ ಬೆಸೆದುಕೊಂಡಿರುತ್ತದೆ, ಹೆಚ್ಚಾಗಿ 14ಕ್ಕೆ. ಎರಡು ಸೇರಿ ಒಂದಾಗಿ ಎಣಿಕೆಗೆ ಬರುವುದರಿಂದ 46. ಇದಕ್ಕೆ ರಾಬರ್ಟ್‌ಸೋನಿಯನ್ ಸ್ಥಾನಾಂತರಣ ಎನ್ನುತ್ತಾರೆ.

ಈ ಬೆಸುಗೆ ಹಲವು ಸಲ ಆ ಮಗುವಿನಲ್ಲೇ ಹೊಸದಾಗಿ ಕಾಣಿಸಿಕೊಂಡಿರುತ್ತದೆ. ಹಾಗಿದ್ದರೆ ಅಪ್ಪ-ಅಮ್ಮನ ವರದಿ ಮಾಮೂಲಾಗಿರುತ್ತದೆ, ಮರುಕಳಿಸುವ ಸಂಭವವೂ ತೀರಾ ಕಡಿಮೆ. ಕೆಲವು ಸಲ ಅಪ್ಪ ಅಥವಾ ಅಮ್ಮನಲ್ಲಿ ಅದು ಮೊದಲೇ ಇರುತ್ತದೆ. ಅವರಿಗೆ ಎಣಿಕೆ 45, ಆದರೆ ಬೇಕಾದ ವಂಶವಾಹಿಗಳೆಲ್ಲ ಎರಡೆರಡು ಇರುವುದರಿಂದ ಆರೋಗ್ಯಕ್ಕೆ ತೊಂದರೆಯಿಲ್ಲ. ಸಾವಿರಕ್ಕೆ ಸುಮಾರು ಒಬ್ಬರು ಇಂಥ ಯಾವುದಾದರೊಂದು ಬೆಸುಗೆ ಹೊತ್ತಿರುತ್ತಾರೆ, ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ತೊಡಕು ಬರುವುದು ಮಿಯಾಸಿಸ್‌ನಲ್ಲಿ. ಬಿಡಿ 14, ಬಿಡಿ 21, ಬೆಸೆದ 14-21, ಈ ಮೂರೂ ಒಟ್ಟಿಗೆ ಹೊಂದಿಕೊಂಡು ನಿಲ್ಲುತ್ತವೆ. ಮೂರನ್ನು ಎರಡು ತುದಿಗೆ ಹಂಚಬೇಕು. ಬೆಸೆದದ್ದು ಒಂದು ಕಡೆ, ಬಿಡಿ ಎರಡೂ ಇನ್ನೊಂದು ಕಡೆ ಹೋದರೆ ಎರಡೂ ಬಗೆಯ ಅಂಡಾಣು ಸರಿಯಾಗಿರುತ್ತದೆ. ಬೆಸೆದದ್ದರ ಜೊತೆ ಬಿಡಿ 21 ಹೋದರೆ ಡೌನ್ ಸಿಂಡ್ರೋಮ್. ಬಿಡಿ 14 ಹೋದರೆ, ಅಥವಾ 14 ಇಲ್ಲವೇ 21 ಪೂರ್ತಿ ಇಲ್ಲವಾದರೆ, ಗರ್ಭ ಬಹುಮಟ್ಟಿಗೆ ಆರಂಭದಲ್ಲೇ ನಿಲ್ಲುತ್ತದೆ.

ಬೆಸುಗೆ ತಾಯಿಯಲ್ಲಿದ್ದರೆ ಮುಂದಿನ ಮಗುವಿಗೆ ಡೌನ್ ಸಿಂಡ್ರೋಮ್ ಬರುವ ಸಂಭವ ಸುಮಾರು ಶೇ. 10–15, ತಂದೆಯಲ್ಲಿದ್ದರೆ ಶೇ. 1ರ ಆಸುಪಾಸು. ಈ ವ್ಯತ್ಯಾಸ ಇರುವುದರಿಂದಲೇ ಇಬ್ಬರ ಪರೀಕ್ಷೆಯನ್ನೂ ಮಾಡಿಸಲು ಹೇಳಿರುವುದು. ವರದಿ ಬಂದ ಮೇಲೆ ಅನುವಂಶೀಯ ಸಮಾಲೋಚಕರನ್ನು ಕಂಡು, ನಿಮ್ಮ ನಿರ್ದಿಷ್ಟ ಬೆಸುಗೆಯ ಲೆಕ್ಕವನ್ನೇ ಕೇಳಿ.

ಬಿತ್ತನೆಬೀಜ

ಹಂಚಲಾಗದ ಮೂರು ಎಂದಾಗ ನಮ್ಮ ಸಸ್ಯಗಳ ಕಡೆ ಗಮನ ಹೋಯಿತು. ಬೀಜವಿಲ್ಲದ ಕಲ್ಲಂಗಡಿಯ ಗುಟ್ಟು ಅದೇ. ಕಾಲ್ಚಿಸಿನ್ ಎಂಬ ರಾಸಾಯನಿಕ ಬಳಸಿ ವರ್ಣತಂತುಗಳನ್ನು ಇಮ್ಮಡಿಗೊಳಿಸಿದ ಗಿಡವನ್ನು ಸಾಮಾನ್ಯ ಗಿಡದೊಂದಿಗೆ ಕೂಡಿಸಿದರೆ ಪ್ರತಿ ವರ್ಣತಂತುವೂ ಮೂರು ಮೂರು ಇರುವ ಸಸಿ ಬರುತ್ತದೆ. ಗಿಡ ಸೊಂಪಾಗಿ ಬೆಳೆಯುತ್ತದೆ, ಏಕೆಂದರೆ ಮಾಮೂಲಿ ಕೋಶ ವಿಭಜನೆಗೆ ಜೊತೆಗಾರರೇ ಬೇಕಿಲ್ಲ. ಮಿಯಾಸಿಸ್‌ನಲ್ಲಿ 11 ಗುಂಪುಗಳೂ ಎರಡು-ಒಂದು ಎಂದು ಒಡೆಯುತ್ತವೆ, ಒಂದೊಂದು ಗುಂಪು ಒಂದೊಂದು ದಿಕ್ಕಿಗೆ. ಸರಿಯಾದ ಎಣಿಕೆಯ ಲಿಂಗಾಣು ಸಿಗುವುದೇ ದುರ್ಲಭ, ಬೀಜ ಕಟ್ಟುವುದಿಲ್ಲ. ಹೇಸರಗತ್ತೆಯದ್ದೂ ಇಂಥದೇ ಪಾಡು: ಕುದುರೆಗೆ 64, ಕತ್ತೆಗೆ 62, ಹೇಸರಗತ್ತೆಗೆ 63. ಅದರಲ್ಲಿ ಬೆಸ ಸಂಖ್ಯೆಗಿಂತ ದೊಡ್ಡ ತೊಂದರೆಯೆಂದರೆ ಎರಡೂ ಕಡೆಯ ವರ್ಣತಂತುಗಳ ರಚನೆಯಲ್ಲಿರುವ ವ್ಯತ್ಯಾಸ.

ಗೋಧಿಯ ಕಥೆ ಇನ್ನೂ ಚೆನ್ನ. ಮೂರು ಹುಲ್ಲುಜಾತಿಗಳ ವರ್ಣತಂತುಗಳು ಸೇರಿ ಒಟ್ಟು 42. ಸೋದರರಂತೆ ಹೋಲುವ ಆರಾರು ವರ್ಣತಂತುಗಳ ಏಳು ಗುಂಪು. ಗೊಂದಲವಾಗಬೇಕಿತ್ತು, ಆಗುವುದಿಲ್ಲ. 5ಬಿ ವರ್ಣತಂತುವಿನ ಮೇಲಿರುವ ಪಿಎಚ್1 ಎಂಬ ತಾಣ ನಿಜವಾದ ಜೊತೆಗಾರರ ನಡುವೆ ಮಾತ್ರ ಕ್ರಾಸಿಂಗ್ ಓವರ್ ಆಗುವಂತೆ ನೋಡಿಕೊಳ್ಳುತ್ತದೆ. 1958ರಲ್ಲಿ ಇದು ಗೊತ್ತಾಯಿತು. ತಳಿ ಅಭಿವೃದ್ಧಿ ಮಾಡುವವರು ಕಾಡುಜಾತಿಯಿಂದ ರೋಗನಿರೋಧಕ ಗುಣ ತರಬೇಕಾದರೆ ಈ ಕಾವಲನ್ನೇ ತಾತ್ಕಾಲಿಕವಾಗಿ ತೆಗೆಯುತ್ತಾರೆ.

ಮಿಂಚುಹುಳ

ಒಂದು ಕೊನೇ ಪ್ರಶ್ನೆ. ಬಟಾಣಿಗೆ 7 ಜೊತೆ ವರ್ಣತಂತು, ಮೆಂಡೆಲ್ ಆರಿಸಿದ್ದು 7 ಗುಣ. ಒಂದೊಂದು ಗುಣ ಒಂದೊಂದು ವರ್ಣತಂತುವಿನ ಮೇಲಿತ್ತು, ಅದಕ್ಕೇ ಸ್ವತಂತ್ರ ಹಂಚಿಕೆ ಸಿಕ್ಕಿತು, ಅವರ ಅದೃಷ್ಟ ಅಂತ ಓದಿದೀನಿ. ನಿಜವೇ?

ಹಳೇಮೇಷ್ಟ್ರು

ಬಹಳ ಕಡೆ ಹಾಗೇ ಬರೆದಿರುತ್ತಾರೆ, ಆದರೆ ಏಳೂ ಬೇರೆ ಬೇರೆ ವರ್ಣತಂತುಗಳ ಮೇಲಿಲ್ಲ. ಒಂದೇ ವರ್ಣತಂತುವಿನ ಮೇಲಿದ್ದರೂ ಎರಡು ವಂಶವಾಹಿಗಳ ನಡುವೆ ಸಾಕಷ್ಟು ದೂರ ಇದ್ದರೆ ಮಧ್ಯೆ ಕ್ರಾಸಿಂಗ್ ಓವರ್ ಆಗುತ್ತಲೇ ಇರುತ್ತದೆ. ಆಗ ಅವು ಬೇರೆ ವರ್ಣತಂತುವಿನವರಂತೆಯೇ ಅರ್ಧರ್ಧ ಬೇರ್ಪಡುತ್ತವೆ. ಹತ್ತಿರ ಇದ್ದರೆ ಒಟ್ಟಿಗೇ ಸಾಗುತ್ತವೆ. ಇದನ್ನು ಮೊದಲು ಕಂಡವರು ಬೇಟ್ಸನ್, ಸಾಂಡರ್ಸ್ ಮತ್ತು ಪನ್ನೆಟ್, 1905ರಲ್ಲಿ, ಸಿಹಿಬಟಾಣಿಯ ಹೂವಿನ ಬಣ್ಣ ಮತ್ತು ಪರಾಗದ ಆಕಾರದಲ್ಲಿ. ಕಂಡರು, ಕಾರಣ ಹೊಳೆಯಲಿಲ್ಲ. ಕಾರಣ ಹೊಳೆದದ್ದು ಮಾರ್ಗನ್ ಅವರ ಹಣ್ಣುನೊಣದ ಪ್ರಯೋಗಾಲಯದಲ್ಲಿ. ಅಲ್ಲಿ ಇನ್ನೂ ಪದವಿ ಓದುತ್ತಿದ್ದ ಆಲ್ಫ್ರೆಡ್ ಸ್ಟರ್ಟೆವಾಂಟ್‌ಗೆ ಬಂದ ಯೋಚನೆ ಇದು: ಎರಡು ಗುಣಗಳು ಎಷ್ಟು ಸಲ ಬೇರ್ಪಡುತ್ತವೆ ಎಂಬ ಎಣಿಕೆಯೇ ಅವುಗಳ ನಡುವಿನ ದೂರದ ಅಳತೆ. 1913ರಲ್ಲಿ ಅವರು ಎಕ್ಸ್ ವರ್ಣತಂತುವಿನ ಆರು ವಂಶವಾಹಿಗಳನ್ನು ಒಂದು ಗೆರೆಯ ಮೇಲೆ ಸಾಲಾಗಿ ಗುರುತಿಸಿದ ನಕ್ಷೆ ಪ್ರಕಟಿಸಿದರು. ಡಿಎನ್‌ಎಯ ರಚನೆ ತಿಳಿಯುವುದಕ್ಕೆ ಇನ್ನೂ 40 ವರ್ಷ ಬಾಕಿ ಇತ್ತು. ನೊಣಗಳನ್ನು ಎಣಿಸಿ ವರ್ಣತಂತುವಿನ ಒಳಗಿನ ಕ್ರಮ ತಿಳಿದರಲ್ಲ, ಎಷ್ಟು ಸಲ ಪಾಠ ಮಾಡಿದರೂ ನನಗೆ ರೋಮಾಂಚನವೇ.

ತಾಯಿಬೇರು

ವರದಿ ಬಂತು. ನನ್ನವರದ್ದು 46, ಮಾಮೂಲು. ನನ್ನದು 45, 14 ಮತ್ತು 21 ಬೆಸೆದಿವೆ. ಮೇಡಂ ಬರೆದದ್ದನ್ನು ಮೊದಲೇ ಓದಿದ್ದರಿಂದ ವೈದ್ಯರು ಹೇಳಿದ್ದು ಅರ್ಥವಾಯಿತು, ಗಾಬರಿಯಾಗಲಿಲ್ಲ. ನನಗೊಬ್ಬಳು ತಂಗಿ ಇದ್ದಾಳೆ, ಮುಂದಿನ ವರ್ಷ ಮದುವೆ. ಅವಳಿಗೂ ಹೇಳಬೇಕಾ?

ಸೂಕ್ಷ್ಮದರ್ಶಕ

ಹೇಳಿ. ಮೊದಲು ನಿಮ್ಮ ಅಪ್ಪ-ಅಮ್ಮನ ಪರೀಕ್ಷೆ ಸಾಧ್ಯವಾದರೆ ಮಾಡಿಸಿ. ಇಬ್ಬರದ್ದೂ ಮಾಮೂಲಾಗಿದ್ದರೆ ಬೆಸುಗೆ ನಿಮ್ಮಲ್ಲೇ ಹೊಸದಾಗಿ ಆಗಿದೆ, ತಂಗಿಗೆ ಇರುವ ಸಂಭವ ತೀರಾ ಕಡಿಮೆ. ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ತಂಗಿಗೂ ಇರುವ ಸಂಭವ ಸರಿಸುಮಾರು ಅರ್ಧ. ಅಪ್ಪ-ಅಮ್ಮನ ಪರೀಕ್ಷೆ ಆಗದಿದ್ದರೆ ನೇರವಾಗಿ ತಂಗಿಯದ್ದೇ ಮಾಡಿಸಬಹುದು, ರಕ್ತದ ಒಂದು ಮಾದರಿ ಸಾಕು. ಹೋಗುವಾಗ ನಿಮ್ಮ ವರದಿಯ ಪ್ರತಿ ಕೈಯಲ್ಲಿರಲಿ. ಯಾವ ಬೆಸುಗೆ ಹುಡುಕಬೇಕೆಂದು ಮೊದಲೇ ಗೊತ್ತಿದ್ದರೆ ನಮ್ಮಂಥ ಪ್ರಯೋಗಾಲಯದವರಿಗೆ ಕೆಲಸ ಸುಲಭ. ನಿಮ್ಮ ಮಗಳ ವರದಿಯನ್ನೂ ಒಯ್ಯಿರಿ.